ಮನೆಯ ಕಂಪ್ಯೂಟರಿಗೆ ನೆಟ್ ಬರುತ್ತಿಲ್ಲವೆ? ಮೊದಲು ದೀಪ ನೋಡಿ, ಆಮೇಲೆ ಕೈ ಹಾಕಿ

ಮೋಡೆಮ್ಮಿನ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ. ನೆಟ್ ಹೋಯಿತೆಂದರೆ ಎಷ್ಟೋ ಮನೆಗಳಲ್ಲಿ ನಡೆಯುವ ಮೊದಲ ಚಿಕಿತ್ಸೆ ಅದೇ. ಆ ತೂತಿನೊಳಗೆ ಇರುವುದು ರೀಸೆಟ್ ಗುಂಡಿ. ಹತ್ತು ಸೆಕೆಂಡು ಒತ್ತಿ ಹಿಡಿದರೆ ಮೋಡೆಮ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಸಂಪರ್ಕ ಕೊಟ್ಟ ದಿನ ಕೇಬಲ್‌ನವರು ಒಳಗೆ ತುಂಬಿಸಿಟ್ಟ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಲೈನಿನಲ್ಲಿ ನಿಮ್ಮ ನೆಟ್ ಹಾಯುವ ದಾರಿಯ ಗುರುತಿನ ಅಂಕೆ) ಎಲ್ಲವೂ ಅಳಿಸಿಹೋಗುತ್ತದೆ. ಕೆಲವು ಕಂಪನಿಗಳ ಮೋಡೆಮ್ ಇವನ್ನು ದೂರದಿಂದ ತಾನೇ ಮತ್ತೆ ಪಡೆದುಕೊಳ್ಳುತ್ತದೆ, ಹಲವು ಪಡೆದುಕೊಳ್ಳುವುದಿಲ್ಲ. ಅಲ್ಲಿಯವರೆಗೆ ಒಂದೇ ದೋಷವಿತ್ತು, ಈಗ ಎರಡಾದವು. ಹೊಸನಗರ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಮನೆಗೆ ಪುನರ್ವಸು ಮಳೆಯಲ್ಲಿ ಲೈನಿನ ಹುಡುಗ ಬೈಕು ಹತ್ತಿ ಬರುವ ತನಕ ಆ ಎರಡನೆಯ ದೋಷ ಹಾಗೇ ಕೂತಿರುತ್ತದೆ.

ಆಫ್ ಮಾಡಿ ಆನ್ ಮಾಡುವುದು ಬೇರೆ. ಅದನ್ನು ಧಾರಾಳವಾಗಿ ಮಾಡಬಹುದು, ಆದರೆ ಕ್ರಮವಿದೆ. ಮೋಡೆಮ್ಮಿನ ಅಡಾಪ್ಟರ್ ಕಿತ್ತು ಒಂದು ನಿಮಿಷ ಬಿಡಿ, ಹಾಕಿ, ಮೂರು ನಿಮಿಷ ಕಾಯಿರಿ. ಮೋಡೆಮ್ ಎದ್ದು ಲೈನು ಹಿಡಿದು ನೋಂದಣಿ ಮುಗಿಸಲು ಅಷ್ಟು ಹೊತ್ತು ಬೇಕು. ಅರ್ಧ ನಿಮಿಷಕ್ಕೊಮ್ಮೆ ಕಿತ್ತು ಹಾಕಿದರೆ ಅದು ಏಳುವುದೇ ಇಲ್ಲ. ಕರೆಂಟು ಹೋಗಿ ಬಂದ ಕೂಡಲೇ ದೀಪಗಳೆಲ್ಲ ಸರಿಯಿದ್ದೂ ನೆಟ್ ಇಲ್ಲದಿದ್ದರೆ ಐದಾರು ನಿಮಿಷ ಸುಮ್ಮನೆ ಬಿಟ್ಟು ನೋಡಿ. ನಿಮ್ಮ ಹಳೆಯ ಲಾಗಿನ್ ಕೇಬಲ್‌ನವರ ಕಡೆಯ ಯಂತ್ರದಲ್ಲಿ ಇನ್ನೂ ಜೀವಂತವಾಗಿದ್ದರೆ ಹೊಸದನ್ನು ಅದು ಒಳಗೆ ಬಿಡದು.

ಉಳಿದ ಲೇಖನವೆಲ್ಲ ಒಂದೇ ವಿಚಾರದ ಮೇಲೆ ನಿಂತಿದೆ: ಸರಿಪಡಿಸುವ ಮೊದಲು ದಾರಿ ಎಲ್ಲಿ ತುಂಡಾಗಿದೆ ಎಂದು ಪತ್ತೆ ಹಚ್ಚಬೇಕು. ಕಂಪ್ಯೂಟರಿನಿಂದ ಮೋಡೆಮ್‌ವರೆಗೆ ಒಂದು ತುಂಡು, ಅದು ವೈಫೈ ಇರಬಹುದು, ತಂತಿ ಇರಬಹುದು. ಮೋಡೆಮ್ಮಿನಿಂದ ಕಂಬಗಳ ಮೇಲೆ ಹಾದು ಕೇಬಲ್‌ನವರ ಯಂತ್ರದವರೆಗೆ ಇನ್ನೊಂದು ತುಂಡು. ಅಲ್ಲಿಂದಾಚೆ ಮೂರನೆಯದು. ಮಲೆನಾಡಿನಲ್ಲಿ ಮಳೆಗಾಲದ ದೋಷಗಳು ಬಹುಪಾಲು ಎರಡನೆಯ ತುಂಡಿನಲ್ಲಿ ಇರುತ್ತವೆ, ಕಂಪ್ಯೂಟರಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಹಾಗಿದ್ದೂ ಬೈಗುಳ, ಫಾರ್ಮ್ಯಾಟು ಎಲ್ಲ ಬೀಳುವುದು ಬಡಪಾಯಿ ಕಂಪ್ಯೂಟರಿನ ಮೇಲೆ.

ದೀಪಗಳು ಹೇಳುವುದು

ಗಾಜಿನ ಎಳೆಯಲ್ಲಿ ಬೆಳಕಾಗಿ ನೆಟ್ ತರುವ ಫೈಬರ್ ಸಂಪರ್ಕದಲ್ಲಿ ಈ ಪೆಟ್ಟಿಗೆಯ ನಿಜವಾದ ಹೆಸರು ಓಎನ್‌ಟಿ. ಮನೆಗಳಲ್ಲಿ ಮೋಡೆಮ್ ಎಂದೇ ಕರೆಯುತ್ತಾರೆ, ಇಲ್ಲೂ ಹಾಗೇ ಇರಲಿ. ಮುಖದ ಮೇಲಿನ ದೀಪಗಳಲ್ಲಿ ಮುಖ್ಯವಾದವು ಪವರ್, ಪಾನ್ (ಕೇಬಲ್‌ನವರ ಯಂತ್ರದ ಜೊತೆಗಿನ ಫೈಬರ್ ಸಂಪರ್ಕ), ಎಲ್‌ಒಎಸ್ (ಬೆಳಕು ಇಲ್ಲವೆಂಬ ಎಚ್ಚರಿಕೆ), ಇಂಟರ್‌ನೆಟ್, ಲ್ಯಾನ್ (ಕಂಪ್ಯೂಟರಿಗೆ ಹೋಗುವ ತಂತಿ), ವೈಫೈ.

ಎಲ್‌ಒಎಸ್ ಕೆಂಪಾಗಿ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ಬರುವ ಬೆಳಕು ಸಾಲುತ್ತಿಲ್ಲ. ಆಗ ಕಂಪ್ಯೂಟರ್ ಮುಟ್ಟುವ ಅಗತ್ಯವೇ ಇಲ್ಲ. ಎಲ್‌ಒಎಸ್ ಆರಿದ್ದು ಪಾನ್ ದೀಪ ಹಸಿರಾಗಿ ಮಿನುಗುತ್ತಲೇ ಇದ್ದರೆ ಬೆಳಕು ತಲುಪಿದೆ, ಆದರೆ ಆ ಕಡೆಯ ಯಂತ್ರ ನಿಮ್ಮ ಮೋಡೆಮ್ಮನ್ನು ಒಪ್ಪಿಕೊಂಡಿಲ್ಲ. ಬೆಳಕು ತೀರ ಕ್ಷೀಣವಾಗಿದ್ದಾಗಲೂ, ಮೋಡೆಮ್ ಬದಲಿಸಿ ಹೊಸದರ ಸಂಖ್ಯೆಯನ್ನು ಅಲ್ಲಿ ದಾಖಲಿಸದಿದ್ದಾಗಲೂ ಹೀಗಾಗುತ್ತದೆ. ಪಾನ್ ಗಟ್ಟಿಯಾಗಿ ಹಸಿರು ಉರಿಯುತ್ತಿದ್ದು ಇಂಟರ್‌ನೆಟ್ ದೀಪ ಮಾತ್ರ ಆರಿದ್ದರೆ, ಇಲ್ಲವೇ ಕೆಂಪಿದ್ದರೆ, ಲೈನು ಸರಿಯಿದೆ, ಲಾಗಿನ್ ಆಗುತ್ತಿಲ್ಲ. ಇದಕ್ಕೆ ತೀರ ಸಾಮಾನ್ಯ ಕಾರಣ ರೀಚಾರ್ಜ್ ಅವಧಿ ಮುಗಿದಿರುವುದು. ಎರಡನೆಯದು, ಯಾರೋ ಆ ತೂತಿಗೆ ಪಿನ್ನು ಚುಚ್ಚಿರುವುದು.

ಪವರ್ ದೀಪವೂ ಇಲ್ಲದಿದ್ದರೆ ಮೊದಲ ಅನುಮಾನ ಅಡಾಪ್ಟರಿನ ಮೇಲೆ. ಹೆಚ್ಚಿನ ಮೋಡೆಮ್‌ಗಳದು 12 ವೋಲ್ಟ್, 1 ಅಥವಾ 1.5 ಆಂಪಿಯರ್. ಅಡಾಪ್ಟರ್ ಪೂರ್ತಿ ಸಾಯುವ ಮುನ್ನ ಸೊರಗುತ್ತದೆ: ದೀಪ ಹತ್ತುತ್ತದೆ, ವೈಫೈ ಏಳುವ ಹೊತ್ತಿಗೆ ಮೋಡೆಮ್ ತಾನೇ ಆರಿ ಮತ್ತೆ ಹತ್ತುತ್ತದೆ, ಇದೇ ಆವರ್ತನೆ. ಮಲ್ಟಿಮೀಟರಿನಲ್ಲಿ ಬರೀ ಅಡಾಪ್ಟರ್ ಅಳೆದರೆ 12 ತೋರಿಸಿ ಮೋಸ ಮಾಡುತ್ತದೆ, ಹೊರೆ ಬಿದ್ದಾಗ ಕುಸಿಯುವುದು ಮೀಟರಿಗೆ ಕಾಣದು. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಅಳತೆಯ ಪಿನ್ನಿನ ಬೇರೊಂದು ಅಡಾಪ್ಟರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ವೋಲ್ಟ್ ಮಾತ್ರ ಒಂದು ಅಂಕೆಯೂ ಹೆಚ್ಚು ಬೇಡ. ನಮ್ಮ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವುದರಿಂದ ಮೋಡೆಮ್ ಕೆಡುತ್ತದೆ ಎಂಬ ಮಾತಿದೆ. 100ರಿಂದ 240 ವೋಲ್ಟ್ ಎಂದು ಮೈಮೇಲೆ ಬರೆದಿರುವ ಅಡಾಪ್ಟರಿಗೆ 160 ವೋಲ್ಟ್ ಸಾಕು. ಅದನ್ನು ಕೊಲ್ಲುವುದು ಕರೆಂಟು ಮರಳಿ ಬರುವಾಗಿನ ಏಟು.

ಇನ್ನೊಂದು ಸಂಗತಿ ಹಲವರ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಮೋಡೆಮ್ ಉರಿಯುತ್ತಿದೆ, ಆದರೂ ಕರೆಂಟು ಹೋಗಿ ಒಂದೆರಡು ಗಂಟೆಗೆ ಸರಿಯಾಗಿ ಎಲ್‌ಒಎಸ್ ಕೆಂಪಾಗುತ್ತದೆ. ದಾರಿಯಲ್ಲಿ ಬೆಳಕು ಹಂಚುವ ಸ್ಪ್ಲಿಟರ್ ಡಬ್ಬಿಗಳಿಗೆ ಕರೆಂಟು ಬೇಡ, ಅವು ಬರೀ ಗಾಜು. ಆದರೆ ಬೆಳಕು ಹುಟ್ಟುವ ಯಂತ್ರಕ್ಕೆ ಬೇಕು. ಆ ಯಂತ್ರ ಊರಿನ ಎಕ್ಸ್‌ಚೇಂಜಿನಲ್ಲಿ ಇರಬಹುದು, ಸ್ಥಳೀಯ ಕೇಬಲ್‌ನವರದಾದರೆ ಯಾವುದೋ ಅಂಗಡಿಯ ಗೋಡೆಯ ಪೆಟ್ಟಿಗೆಯಲ್ಲಿ ಇರಬಹುದು. ಅಲ್ಲಿನ ಬ್ಯಾಟರಿ ಮುಗಿದ ಕ್ಷಣ ನಿಮ್ಮಲ್ಲಿ ಕೆಂಪು ದೀಪ. ಮರ ಬಿದ್ದು ಮೆಸ್ಕಾಂ ಲೈನು ದಿನಗಟ್ಟಲೆ ಇಲ್ಲದಾಗ ಫೈಬರ್ ಎಲ್ಲೂ ತುಂಡಾಗದೆಯೂ ಇಡೀ ಊರಿನ ನೆಟ್ ನಿಲ್ಲುವುದು ಹೀಗೆ. ಅಕ್ಕಪಕ್ಕದ ಎರಡು ಮನೆಗೆ ಫೋನು ಮಾಡಿ ಕೇಳಿದರೆ ತಿಳಿಯುತ್ತದೆ: ಎಲ್ಲರದೂ ಹೋಗಿದ್ದರೆ ಯಂತ್ರ ಅಥವಾ ಮುಖ್ಯ ಕೇಬಲ್, ನಿಮ್ಮದೊಂದೇ ಆದರೆ ಕೊನೆಯ ಡಬ್ಬಿಯಿಂದ ಮನೆಗೆ ಬರುವ ತಂತಿ.

ಬೆಳಕಿನ ಅಂಕೆ

ಈ ಒಂದು ಅಂಕೆ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ. ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಸಾಮಾನ್ಯವಾಗಿ ಮೋಡೆಮ್ಮಿನ ಒಳಪುಟ ತೆರೆಯುತ್ತದೆ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ, ಏಕೆಂದರೆ ಅದು ಮನೆಯೊಳಗಿನದೇ. ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ಮೋಡೆಮ್ಮಿನ ಅಡಿಯ ಚೀಟಿಯಲ್ಲಿ ಇರುತ್ತವೆ. ಸ್ಟೇಟಸ್ ವಿಭಾಗದಲ್ಲಿ ಆಪ್ಟಿಕಲ್ ಅಥವಾ ಪಾನ್ ಮಾಹಿತಿ ಎಂಬಲ್ಲಿ ಆರ್‌ಎಕ್ಸ್ ಪವರ್, ಅಂದರೆ ಮೋಡೆಮ್ಮಿಗೆ ಬಂದು ತಲುಪುವ ಬೆಳಕಿನ ಬಲ, ನೋಡಿ. ಅದು ಡಿಬಿಎಂ ಎಂಬ ಅಳತೆಯಲ್ಲಿ, ಋಣ ಚಿಹ್ನೆಯೊಂದಿಗೆ ಇರುತ್ತದೆ.

−15ರಿಂದ −25ರ ನಡುವೆ ಇದ್ದರೆ ಚೆನ್ನಾಗಿದೆ. −27 ದಾಟಿ ಕೆಳಗಿಳಿದರೆ ಸಾಮಾನ್ಯ ಮೋಡೆಮ್ ಬೆಳಕನ್ನು ಓದಲಾರದು. ಋಣ ಸಂಖ್ಯೆಯಾದ್ದರಿಂದ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಪ್ರತಿ 3 ಅಂಕೆಗೆ ಬೆಳಕು ಅರ್ಧವಾಗುತ್ತದೆ. −20 ಎಂದರೆ ಒಂದು ಮಿಲಿವ್ಯಾಟಿನ ನೂರನೇ ಒಂದು ಭಾಗ, −27 ಎಂದರೆ ಸರಿಸುಮಾರು ಐನೂರನೇ ಒಂದು ಭಾಗ. ಒಳ್ಳೆಯ ದಿನ ನೋಡಿಕೊಂಡು ಅಂಕೆಯನ್ನು ಮೋಡೆಮ್ಮಿನ ಮೇಲೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಬೇಸಿಗೆಯಲ್ಲಿ −21 ಇದ್ದದ್ದು ಆಶ್ಲೇಷ ಮಳೆಯಲ್ಲಿ −26 ಆದರೆ, ಬರುತ್ತಿದ್ದ ಬೆಳಕಿನ ಮೂರನೇ ಒಂದು ಭಾಗವೂ ಈಗ ಬರುತ್ತಿಲ್ಲ. ನೆಟ್ ಒಮ್ಮೆ ಇದ್ದು ಒಮ್ಮೆ ಇಲ್ಲದ ಆಟ ಆಡುವುದು ಈ ಹಂತದಲ್ಲೇ. ಅಂಕೆ −40 ಎಂದಿದ್ದರೆ, ಅಥವಾ ಖಾಲಿ ಗೆರೆ ಇದ್ದರೆ, ಬೆಳಕು ಇಲ್ಲವೇ ಇಲ್ಲ.

ಬೆಳಕು ಸೋರುವುದು ಎಲ್ಲಿ? ಕಂಬದಿಂದ ಕಂಬಕ್ಕೆ ಹಾದ ತಂತಿಯ ಮೇಲೆ ಅಡಿಕೆ ಸೋಗೆ ಬಿದ್ದು ಜಗ್ಗಿದಲ್ಲಿ, ಮಂಗಗಳು ಜೋತಾಡಿದಲ್ಲಿ, ಜಾಯಿಂಟ್ ಡಬ್ಬಿಗೆ ನೀರು ಇಳಿದಲ್ಲಿ. ಇವು ನಿಮ್ಮ ಕೈಯಳತೆಯಲ್ಲಿ ಇಲ್ಲ. ಮನೆಯೊಳಗಿನವು ಇವೆ, ಅವನ್ನು ನೋಡಿಯೇ ದೂರು ಕೊಡಿ. ಮರದ ಕಿಟಕಿಯ ಸಂದಿನಿಂದ ಫೈಬರ್ ಒಳತಂದಿದ್ದರೆ ಮಳೆಗಾಲದಲ್ಲಿ ಚೌಕಟ್ಟು ಉಬ್ಬಿ ತಂತಿಯನ್ನು ಹಿಚುಕುತ್ತದೆ. ಕಿಟಕಿ ಬಲವಾಗಿ ಹಾಕಿದ ದಿನ ನೆಟ್ ಇಲ್ಲ, ತೆರೆದ ದಿನ ಇದೆ! ಈ ವಿಚಿತ್ರಕ್ಕೆ ಕಾರಣ ಅಷ್ಟೇ. ಗೋಡೆಗೆ ಮೊಳೆ ಹೊಡೆದು ಕಟ್ಟಿದ ಕಡೆ, ಹೆಚ್ಚಾದ ತಂತಿಯನ್ನು ಬಿಗಿಯಾಗಿ ಸುತ್ತಿಟ್ಟ ಕಡೆಯೂ ಬೆಳಕು ಸೋರುತ್ತದೆ. ಸುತ್ತು ಯಾವತ್ತೂ ಕೈಬಳೆಗಿಂತ ಸಣ್ಣದಾಗಬಾರದು. ಬಳೆಯ ಅಡ್ಡಗಲ ಸುಮಾರು ಆರು ಸೆಂಟಿಮೀಟರ್, ಮಾಮೂಲಿ ಫೈಬರ್ ತಡೆದುಕೊಳ್ಳುವ ಬಾಗೂ ಅಷ್ಟೇ. ಅಟ್ಟದಲ್ಲಿ ಅಡಿಕೆ ಚೀಲಗಳ ಪಕ್ಕ ಹಾದಿದ್ದರೆ ಇಲಿ ಕಡಿದಿದೆಯೇ ನೋಡಿ.

ಮೋಡೆಮ್ಮಿಗೆ ಸಿಕ್ಕಿಸಿದ ಹಸಿರು ಕನೆಕ್ಟರನ್ನು ಸುಮ್ಮನೆ ಬಿಚ್ಚುವುದು ಬೇಡ. ಅದರ ತುದಿಯಲ್ಲಿ ಬೆಳಕು ಹಾಯುವ ಜಾಗ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಿರಿದು. ಬೆರಳಿನ ಜಿಡ್ಡು, ಸೆರಗಿನ ನೂಲು, ಒಂದು ಕಣ ಧೂಳು, ಯಾವುದು ತಾಗಿದರೂ ಬೆಳಕಿಗೆ ಗೋಡೆ. ಬಿಚ್ಚಲೇಬೇಕಾದರೆ ತುದಿ ಮುಟ್ಟದೆ ಮತ್ತೆ ಹಾಕಿ, ಟಕ್ ಎನ್ನುವ ತನಕ ಒತ್ತಿ. ಹಸಿರು ಕನೆಕ್ಟರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಒಂದನ್ನು ಇನ್ನೊಂದರ ಮನೆಗೆ ತುರುಕಿದರೆ ಕೂರುತ್ತದೆ, ಆದರೆ ಬೆಳಕು ನಷ್ಟವಾಗುತ್ತದೆ. ತುದಿಯೊಳಗೆ ಇಣುಕಿ ನೋಡಲೇಬೇಡಿ, ಮಕ್ಕಳಿಗೂ ಬಿಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಲೇಸರ್. ತುಂಡಾದ ಫೈಬರಿನ ಚೂರು ಕೈಗೆ ಚುಚ್ಚಿದರೆ ತೆಗೆಯುವುದೂ ಕಷ್ಟ.

ಕಂಪ್ಯೂಟರೋ, ಲೈನೋ?

ದೀಪಗಳೆಲ್ಲ ಸರಿಯಿದ್ದರೆ ಮೊಬೈಲು ಕೈಗೆ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಕಡ್ಡಾಯವಾಗಿ ಆಫ್ ಮಾಡಿ, ಆಮೇಲೆ ಮನೆಯ ವೈಫೈಗೆ ಸೇರಿಸಿ, ಹಿಂದೆಂದೂ ನೋಡಿರದ ಒಂದು ಪುಟ ತೆರೆಯಿರಿ. ಡೇಟಾ ಆಫ್ ಮಾಡದಿದ್ದರೆ ವೈಫೈ ಸತ್ತಿದ್ದರೂ ಫೋನು ಸದ್ದಿಲ್ಲದೆ ಟವರ್ ಹಿಡಿದು ಪುಟ ತೋರಿಸುತ್ತದೆ, ನೀವು ದಾರಿ ತಪ್ಪುತ್ತೀರಿ. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಬಾರದಿದ್ದರೆ ದೋಷ ಕಂಪ್ಯೂಟರಿನದು, ಅಥವಾ ಅದರಿಂದ ಮೋಡೆಮ್‌ವರೆಗಿನ ತುಂಡಿನದು. ಎರಡಕ್ಕೂ ಬಾರದಿದ್ದರೆ ಕಂಪ್ಯೂಟರನ್ನು ಬಿಟ್ಟುಬಿಡಿ.

ತದ್ವಿರುದ್ಧ ಪರೀಕ್ಷೆಯೂ ಇದೆ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಮೂಲೆ ಇದ್ದರೆ ಫೋನನ್ನು ಚಾರ್ಜಿಂಗ್ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಗ ನೆಟ್ ಬಂದರೆ ಕಂಪ್ಯೂಟರಿನ ವಿಂಡೋಸ್, ಬ್ರೌಸರ್ ಎಲ್ಲ ಸರಿಯಿವೆ, ಕೆಟ್ಟಿರುವುದು ಅದರ ನೆಟ್‌ವರ್ಕ್ ಕಾರ್ಡೋ ವೈಫೈಯೋ. ವೈಫೈ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಕಳೆದುಹೋಗಿ ಡೌನ್‌ಲೋಡ್ ಮಾಡಲು ನೆಟ್ಟೇ ಇಲ್ಲದಾಗಲೂ ಇದೇ ದಾರಿ ಕೈಹಿಡಿಯುತ್ತದೆ.

ಕಂಪ್ಯೂಟರಿನದೇ ದೋಷ ಎಂದಾದಾಗ ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದರೂ ಅಷ್ಟೇ ಅಲ್ಲವೇ ಎಂದರೆ, ಅಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದಾಗ ಡ್ರೈವರುಗಳ ಸ್ಥಿತಿಯನ್ನು ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮರುದಿನ ಅದನ್ನೇ ಎಬ್ಬಿಸುತ್ತದೆ, ಕೆಟ್ಟ ಸ್ಥಿತಿಯೂ ಜೊತೆಗೇ ಎದ್ದುಬರುತ್ತದೆ. ರೀಸ್ಟಾರ್ಟ್ ಮಾತ್ರ ನಿಜವಾಗಿ ಹೊಸದಾಗಿ ಶುರುಮಾಡುತ್ತದೆ. ಲ್ಯಾಪ್‌ಟಾಪ್ ಆದರೆ ಏರೋಪ್ಲೇನ್ ಮೋಡ್ ಬೆರಳು ತಾಗಿ ಆನ್ ಆಗಿದೆಯೇ ನೋಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ, ಅದರಿಂದಲೇ ನೆಟ್ ನಿಂತಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುರಕ್ಷತೆಯ ದೃಷ್ಟಿಯಿಂದ ಅದು ಚಿಂತೆಯ ವಿಷಯ ಹೌದು, ಸಂಪರ್ಕ ಕಡಿಯಲು ಅದು ಕಾರಣವಾಗದು.

ಇನ್ನು ನಾಲ್ಕು ಸಾಲಿನ ಪರೀಕ್ಷೆ. ವಿಂಡೋಸ್ ಗುರುತಿನ ಕೀ ಜೊತೆ ಆರ್ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಪರದೆ ಬರುತ್ತದೆ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಐಪಿಕಾನ್ಫಿಗ್ (ipconfig) ಎಂದು ಬರೆದು ಎಂಟರ್ ಒತ್ತಿ. ಐಪಿವಿ4 ಅಡ್ರೆಸ್ ಎಂಬ ಸಾಲು ಹುಡುಕಿ. 192.168ರಿಂದ ಶುರುವಾಗಿದ್ದರೆ ಮೋಡೆಮ್ ಕಂಪ್ಯೂಟರಿಗೆ ವಿಳಾಸ ಕೊಟ್ಟಿದೆ. 169.254ರಿಂದ ಶುರುವಾಗಿದ್ದರೆ ಕಂಪ್ಯೂಟರ್ ವಿಳಾಸ ಕೇಳಿ ಕೇಳಿ ಉತ್ತರ ಸಿಗದೆ ತಾನೇ ಒಂದನ್ನು ಹಾಕಿಕೊಂಡಿದೆ, ಅಂದರೆ ತಂತಿಯೋ ವೈಫೈಯೋ ಮೋಡೆಮ್ಮೋ ಕೈಕೊಟ್ಟಿದೆ. ಮೀಡಿಯಾ ಡಿಸ್‌ಕನೆಕ್ಟೆಡ್ ಎಂದಿದ್ದರೆ ತಂತಿ ಸಿಕ್ಕಿಸಿಲ್ಲ, ಇಲ್ಲವೇ ವೈಫೈಗೆ ಸೇರಿಲ್ಲ.

ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿರುವುದು ಮೋಡೆಮ್ಮಿನ ವಿಳಾಸ. ಪಿಂಗ್ (ping) ಎಂದು ಬರೆದು ಒಂದು ಸ್ಪೇಸ್ ಬಿಟ್ಟು ಆ ವಿಳಾಸ ಹಾಕಿ, ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡುವ ಆದೇಶ ಇದು. ನಾಲ್ಕಕ್ಕೆ ನಾಲ್ಕು ಉತ್ತರ, ತಲಾ ಒಂದರಿಂದ ಐದು ಮಿಲಿಸೆಕೆಂಡಿನಲ್ಲಿ ಬಂದರೆ ಮನೆಯೊಳಗಿನ ದಾರಿ ಶುದ್ಧ. ನಡುನಡುವೆ ತಪ್ಪಿದರೆ, ನೂರು ದಾಟಿದರೆ, ವೈಫೈ ದುರ್ಬಲ. ಆಮೇಲೆ ಪಿಂಗ್ 8.8.8.8. ಇದು ಗೂಗಲ್ಲಿನ ಒಂದು ಸರ್ವರು, ಅಂಕೆಯಿಂದಲೇ ಕರೆಯುವುದರಿಂದ ಹೆಸರು ಹುಡುಕುವ ಗೊಡವೆ ಇಲ್ಲ. ಮೋಡೆಮ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಮೋಡೆಮ್ಮಿನಿಂದ ಹೊರಗೆ. ಕೊನೆಗೆ ಪಿಂಗ್ ಮಾಡಿ ಗೂಗಲ್ ಡಾಟ್ ಕಾಮ್ ಎಂದು ಹೆಸರು ಹಾಕಿ. ಅಂಕೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್, ಹೆಸರನ್ನು ಅಂಕೆಗೆ ತಿರುಗಿಸುವ ಪುಸ್ತಕ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್‌ನೆಟ್ ತೆರೆದು, ನಿಮ್ಮ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ ಡಿಎನ್‌ಎಸ್ ಸರ್ವರನ್ನು ಮ್ಯಾನ್ಯುಯಲ್ ಮಾಡಿ 8.8.8.8, ಎರಡನೆಯದಾಗಿ 1.1.1.1 ಹಾಕಿ. ತಕ್ಷಣ ಸರಿಹೋಗುತ್ತದೆ.

ಪಿಂಗ್ ಎಲ್ಲ ಸರಿಯಿದ್ದೂ ಬ್ರೌಸರ್ ಮಾತ್ರ ತೆರೆಯದಿದ್ದರೆ ಪ್ರಾಕ್ಸಿ, ಅಂದರೆ ನೆಟ್ಟನ್ನು ಬೇರೊಂದು ಯಂತ್ರದ ಮೂಲಕ ಹಾಯಿಸುವ ವ್ಯವಸ್ಥೆ, ನೋಡಿ. ಆಫೀಸಿನ ಲ್ಯಾಪ್‌ಟಾಪ್ ಮನೆಗೆ ತಂದವರಿಗೆ, ವಿಪಿಎನ್ ಹಾಕಿ ತೆಗೆದವರಿಗೆ ಇದು ಕಾಡುತ್ತದೆ. ಅದೇ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ವಿಭಾಗದ ಯೂಸ್ ಎ ಪ್ರಾಕ್ಸಿ ಸರ್ವರ್ ಆಫ್ ಇರಬೇಕು. ಹಳೆಯ ಆಂಟಿವೈರಸ್ ಅವಧಿ ಮುಗಿದು ದಾರಿ ಕಟ್ಟಿಕೊಂಡು ಕೂರುವುದೂ ಉಂಟು, ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ವಿಂಡೋಸ್‌ನದೇ ರಕ್ಷಣೆ ತಾನಾಗಿ ಎಚ್ಚರವಾಗುತ್ತದೆ.

ಕೆಲವು ಜಾಲತಾಣ ತೆರೆದು ಕೆಲವು ಸುಮ್ಮನೆ ಸುತ್ತುತ್ತಲೇ ಇದ್ದರೆ ಕಾರಣ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಡೇಟಾ ಪೊಟ್ಟಣದ ಗರಿಷ್ಠ ಗಾತ್ರ, ಇರಬಹುದು. ಸಾಮಾನ್ಯ ಪೊಟ್ಟಣದ ಗಾತ್ರ 1500 ಬೈಟ್. ಯೂಸರ್ ನೇಮ್ ಹಾಕಿ ಲಾಗಿನ್ ಆಗುವ ಪಿಪಿಪಿಒಇ ಸಂಪರ್ಕ ಅದರಲ್ಲಿ 8 ಬೈಟ್ ತಾನು ಇಟ್ಟುಕೊಳ್ಳುತ್ತದೆ, ಉಳಿಯುವುದು 1492. ಮೋಡೆಮ್ಮಿನ ವ್ಯಾನ್ (ಹೊರಗಿನ ಲೈನಿನ) ಪುಟದಲ್ಲಿ ತಪ್ಪಾಗಿ 1500 ಬರೆದಿದ್ದರೆ ಸಣ್ಣ ಪೊಟ್ಟಣ ಹಾಯುತ್ತದೆ, ದೊಡ್ಡದು ದಾರಿಯಲ್ಲೇ ಬೀಳುತ್ತದೆ. 1492 ಮಾಡಿದರೆ ಸಾಕು.

ಮತ್ತೊಂದು ದೋಷ ಹಳೆಯ ಡೆಸ್ಕ್‌ಟಾಪ್‌ಗಳದು. ಎಲ್ಲ ತಾಣಗಳೂ ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂದು ಬೆದರಿಸಿದರೆ ಪರದೆಯ ಮೂಲೆಯ ತಾರೀಕು ನೋಡಿ. ಹತ್ತು ವರ್ಷ ಹಿಂದಿನ ಜನವರಿ 1 ಎಂದಿರುತ್ತದೆ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಮುಗಿದು, ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ತಾಣಗಳ ಪ್ರಮಾಣಪತ್ರಕ್ಕೆ ಶುರು ಮತ್ತು ಕೊನೆಯ ದಿನಾಂಕ ಇರುವುದರಿಂದ ತಪ್ಪು ತಾರೀಕಿನ ಕಂಪ್ಯೂಟರ್ ಯಾವುದನ್ನೂ ನಂಬುವುದಿಲ್ಲ. ಸೆಲ್ 3 ವೋಲ್ಟಿನದು, ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಬರಹವಿರುವ ಮುಖ ಮೇಲೆ ಬರುವಂತೆ ಹಾಕಿ ತಾರೀಕು ಸರಿಮಾಡಿದರೆ ಮುಗಿಯಿತು. ದಿನಕ್ಕೆ ನಾಲ್ಕು ಬಾರಿ ಕರೆಂಟು ಹೋಗುವ ಊರಿನಲ್ಲಿ ಎಷ್ಟೋ ಕಂಪ್ಯೂಟರುಗಳು ಇಷ್ಟಕ್ಕೇ ಮೂಲೆ ಸೇರಿವೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇವು ಯಾವುದೂ ಫಲಿಸದಿದ್ದರೆ ಅದೇ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ನೆಟ್‌ವರ್ಕ್ ರೀಸೆಟ್ ಇದೆ. ಇದು ಮೋಡೆಮ್ಮಿನದಲ್ಲ, ಕಂಪ್ಯೂಟರಿನದು. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು ಹೋಗುತ್ತವೆ, ಬರೆದಿಟ್ಟುಕೊಂಡು ಒತ್ತಿ.

ದಪ್ಪ ಗೋಡೆ, ಒದ್ದೆ ಗಾಳಿ

ಮೋಡೆಮ್ ಜಗಲಿಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲೋ ಉಪ್ಪರಿಗೆಯಲ್ಲೋ. ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆ. 5 ಗಿಗಾಹರ್ಟ್ಸ್ ವೈಫೈ ಇಂಥ ಎರಡು ಗೋಡೆ ದಾಟಲು ಹೆಣಗುತ್ತದೆ, ಮಳೆಗಾಲದಲ್ಲಿ ಗೋಡೆ ನೀರು ಕುಡಿದಿದ್ದರೆ ಇನ್ನೂ ಕಷ್ಟ. ಒಳಕೋಣೆಗೆ 2.4 ಗಿಗಾಹರ್ಟ್ಸ್ ಬಳಸಿ. ವೇಗ ಕಡಿಮೆ, ತಲುಪುವುದು ಹೆಚ್ಚು. ಹಳೆಯ ಯುಎಸ್‌ಬಿ ವೈಫೈ ಡಾಂಗಲ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಮೋಡೆಮ್ ಬದಲಾದ ಮೇಲೆ ಹಳೆಯ ಕಂಪ್ಯೂಟರ್ ಸೇರಿಕೊಳ್ಳದಿದ್ದರೆ ವೈಫೈ ಭದ್ರತೆ ಹೊಸ ಬಗೆಯ ಡಬ್ಲ್ಯುಪಿಎ3 ಮಾತ್ರ ಎಂದಿದೆಯೇ ನೋಡಿ, ಡಬ್ಲ್ಯುಪಿಎ2 ಮಾಡಿ. ಪಾಸ್‌ವರ್ಡ್ ಬದಲಿಸಿದ್ದರೆ ಕಂಪ್ಯೂಟರಿನಲ್ಲಿ ಹಳೆಯ ಹೆಸರನ್ನು ಫರ್ಗೆಟ್ ಮಾಡಿ ಹೊಸದಾಗಿ ಸೇರಿಸಿ.

ಡೆಸ್ಕ್‌ಟಾಪ್‌ಗೆ ತಂತಿಯೇ ಉತ್ತಮ. ತಂತಿ ಸಿಕ್ಕಿಸಿದ ಕಡೆ ಎರಡೂ ತುದಿಯಲ್ಲಿ ಸಣ್ಣ ದೀಪ ಹತ್ತಬೇಕು. ಹತ್ತದಿದ್ದರೆ ಮೋಡೆಮ್ಮಿನ ಬೇರೆ ಲ್ಯಾನ್ ತೂತಿಗೆ ಹಾಕಿ, ಆಮೇಲೆ ತಂತಿ ಬದಲಿಸಿ. ಜುಲೈ, ಆಗಸ್ಟಿನ ಥಂಡಿಯಲ್ಲಿ ಲ್ಯಾನ್ ತಂತಿಯ ತುದಿಯ ಕನೆಕ್ಟರ್ ಆದ ಆರ್‌ಜೆ45 ಪಿನ್ನುಗಳ ಮೇಲೆ ಕಿಲುಬು ಹತ್ತುತ್ತದೆ. ನಾಲ್ಕೈದು ಬಾರಿ ತೆಗೆದು ಹಾಕಿದರೆ ಉಜ್ಜಿಹೋಗಿ ಸರಿಯಾಗುವುದು ಇದರ ಲಕ್ಷಣ. ಶಾಶ್ವತ ಪರಿಹಾರ ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತುವುದು. ಬಣ್ಣಗಳ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100 ಎಂಬಿಪಿಎಸ್‌ಗೆ ಇವುಗಳಲ್ಲಿ 1, 2, 3, 6ನೆಯ ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ವೇಗ ಒಮ್ಮೆಲೇ 100ಕ್ಕೆ ಇಳಿದು ನಿಂತಿದ್ದರೆ ಉಳಿದ ನಾಲ್ಕರಲ್ಲಿ ಒಂದು ಎಳೆ ಕೈಕೊಟ್ಟಿದೆ. ಕೊಳ್ಳುವಾಗ ಪೂರ್ತಿ ತಾಮ್ರದ ತಂತಿ ಕೇಳಿ. ಅಲ್ಯೂಮಿನಿಯಮ್ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ನಮ್ಮ ಹವೆಗೆ ಅದು ಬಾಳುವುದಿಲ್ಲ.

ಸಿಡಿಲು

ಮಲೆನಾಡಿನಲ್ಲಿ ಮೋಡೆಮ್, ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಸುಡುವುದು ಮುಂಗಾರಿನ ಜಡಿಮಳೆಯಲ್ಲ. ಅದಕ್ಕೆ ಮುಂಚಿನ ಭರಣಿ, ಕೃತ್ತಿಕೆಯ ಗುಡುಗು ಮಳೆ, ಮತ್ತೆ ಅಕ್ಟೋಬರಿನ ಹಿಂಗಾರು. ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯದು ಎಂಬ ಮಾತು ನಿಜ. ಆದರೆ ಗಾಜಿನ ಪಕ್ಕದಲ್ಲೇ ತಂತಿಯನ್ನು ಬಿಗಿಯಲು ಒಂದು ಉಕ್ಕಿನ ಎಳೆ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ನಿಲ್ಲಿಸಬೇಕು. ಮೋಡೆಮ್‌ವರೆಗೆ ಎಳೆದು ತಂದಿದ್ದರೆ ಮುಂದಿನ ಸಲ ಬಂದಾಗ ಹೊರಗೇ ಕತ್ತರಿಸಲು ಹೇಳಿ. ಅದಕ್ಕಿಂತ ಹೆಚ್ಚಾಗಿ ಏಟು ಬರುವುದು ಕರೆಂಟಿನ ದಾರಿಯಲ್ಲಿ: ಅಡಾಪ್ಟರಿನಿಂದ ಮೋಡೆಮ್ಮಿಗೆ, ಮೋಡೆಮ್ಮಿನಿಂದ ಲ್ಯಾನ್ ತಂತಿಯ ಮೂಲಕ ಕಂಪ್ಯೂಟರಿಗೆ.

ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ಕಡಿಯುವುದು ಫೇಸ್ ತಂತಿಯನ್ನು ಮಾತ್ರ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಒಳಗಿನ ಕೆಲವು ಮಿಲಿಮೀಟರ್ ಅಂತರ ಸಿಡಿಲಿಗೆ ಲೆಕ್ಕವೂ ಅಲ್ಲ. ದೂರದಲ್ಲಿ ಗುಡುಗು ಕೇಳಿದಾಗಲೇ ಅಡಾಪ್ಟರನ್ನು, ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕೀಳಿ, ಲ್ಯಾನ್ ತಂತಿಯನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟುವುದು ಬೇಡ, ಮೋಡೆಮ್ ಹೋದರೆ ಹೋಗಲಿ.

ಸಿಡಿಲಿನ ಮರುದಿನ ಕಾಣುವ ವಿಶಿಷ್ಟ ಲಕ್ಷಣವೊಂದಿದೆ: ಮೋಡೆಮ್ ಉರಿಯುತ್ತದೆ, ವೈಫೈಯಲ್ಲಿ ಮೊಬೈಲಿಗೆ ನೆಟ್ ಬರುತ್ತದೆ, ಲ್ಯಾನ್ ದೀಪ ಮಾತ್ರ ಹತ್ತುವುದಿಲ್ಲ. ಸುಟ್ಟಿರುವುದು ಲ್ಯಾನ್ ಪೋರ್ಟು. ಮೋಡೆಮ್ಮಿನ ನಾಲ್ಕು ತೂತುಗಳಲ್ಲಿ ಒಂದೆರಡು ಬದುಕಿರಬಹುದು, ಎಲ್ಲದರಲ್ಲೂ ಹಾಕಿ ನೋಡಿ. ಕಂಪ್ಯೂಟರಿನ ಪೋರ್ಟ್ ಸತ್ತಿದ್ದರೆ ಇಡೀ ಮದರ್‌ಬೋರ್ಡ್ ಬದಲಿಸಬೇಕಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಒಂದು ಸಾಕು. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಸುಲಿಯುವ ಶೆಡ್ಡಿಗೋ ತಾಮ್ರದ ಲ್ಯಾನ್ ತಂತಿಯನ್ನು ಅಂಗಳದ ಮೇಲೆ ಎಳೆಯಬೇಡಿ. ಎರಡು ಕಟ್ಟಡಗಳ ಅರ್ತಿಂಗ್ ನಡುವಿನ ವ್ಯತ್ಯಾಸ ಸಿಡಿಲಿನ ಹೊತ್ತಿನಲ್ಲಿ ಆ ತಂತಿಯಲ್ಲೇ ಹರಿಯುತ್ತದೆ. ಅಲ್ಲಿಗೆ ಉಕ್ಕಿನ ಎಳೆ ಇಲ್ಲದ ಫೈಬರ್ ಹಾಕಿ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ತಂತಿಗೆ ಹೊಂದಿಸುವ ಡಬ್ಬಿ) ಇಡಿ. ತಾಮ್ರದ ತಂತಿಗೆ ಹೇಗೂ 100 ಮೀಟರಿನ ಮಿತಿಯಿದೆ, ಫೈಬರಿಗೆ ಆ ಚಿಂತೆಯೂ ಇಲ್ಲ.

ಫೈಬರ್ ತಲುಪದ ಗುಡ್ಡದ ಮನೆಗಳಲ್ಲಿ ಮಾಳಿಗೆಯ ಮೇಲಿನ ಸಣ್ಣ ಡಿಶ್ಶು ಎದುರು ಗುಡ್ಡದ ಟವರಿಗೆ ಮುಖಮಾಡಿರುತ್ತದೆ. ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂದು ಸುಮ್ಮನಾಗಬೇಡಿ. 5 ಗಿಗಾಹರ್ಟ್ಸ್ ಅಲೆಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ, ಒದ್ದೆ ಎಲೆ ದೊಡ್ಡ ಅಡ್ಡಿ. ಜೂನಿನಿಂದ ಚಿಗುರಿದ ಕೊಂಬೆ ನಡುವೆ ಬಂದಿದೆಯೇ, ಗಾಳಿಗೆ ಡಿಶ್ ತಿರುಗಿದೆಯೇ ನೋಡಿ. ಲ್ಯಾನ್ ತಂತಿಯಲ್ಲೇ ಡಿಶ್ಶಿಗೆ ಕರೆಂಟು ಕಳಿಸುವ, ಒಳಗಿನ ಪಿಒಇ ಡಬ್ಬಿಯ ಎರಡು ತೂತುಗಳಿಗೆ ತಂತಿ ಅದಲುಬದಲಾದರೂ ಡಿಶ್ಶಿಗೆ ಕರೆಂಟು ಹೋಗುವುದಿಲ್ಲ. ಪಿಒಇ ಎಂದು ಬರೆದದ್ದು ಡಿಶ್ಶಿಗೆ, ಲ್ಯಾನ್ ಎಂದು ಬರೆದದ್ದು ರೂಟರಿಗೆ.

ಕೇಬಲ್‌ನವರಿಗೆ ಫೋನು ಮಾಡುವಾಗ

ನೆಟ್ ಇಲ್ಲ ಎಂದಷ್ಟೇ ಹೇಳಿದರೆ ಅವರೂ ಆಫ್ ಮಾಡಿ ಆನ್ ಮಾಡಿ ಎಂದಷ್ಟೇ ಹೇಳುತ್ತಾರೆ. ಎಲ್‌ಒಎಸ್ ಕೆಂಪು, ನಿನ್ನೆ ಸಂಜೆ ಏಳರಿಂದ, ಪಕ್ಕದ ಮನೆಯದು ಸರಿಯಿದೆ, ಒಳಗಿನ ತಂತಿ ನೋಡಿದ್ದೇನೆ ಎಂದು ಹೇಳಿದರೆ ಬರುವವರು ಏಣಿ, ಫೈಬರ್ ಜೋಡಿಸುವ ಯಂತ್ರ ಹೊತ್ತು ನೇರವಾಗಿ ನಿಮ್ಮ ಕಂಬಕ್ಕೇ ಬರುತ್ತಾರೆ. ಪಾನ್ ಹಸಿರು, ಇಂಟರ್‌ನೆಟ್ ದೀಪ ಇಲ್ಲ, ರೀಚಾರ್ಜ್ ಇದೆ ಎಂದರೆ ಅವರು ಬರಲೇಬೇಕಿಲ್ಲ, ಕೂತಲ್ಲಿಂದಲೇ ಲಾಗಿನ್ ಸರಿಮಾಡಬಹುದು. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ತಂತಿಯ ಮೇಲೆ ಮರ ಬಿದ್ದಿದ್ದರೆ ಅದನ್ನು ನೀವು ಎಳೆಯಬೇಡಿ. ಅದೇ ಕಂಬಗಳಲ್ಲಿ ಕರೆಂಟಿನ ತಂತಿಯೂ ಇರುತ್ತದೆ, ಮೊದಲು ಮೆಸ್ಕಾಂನ 1912ಕ್ಕೆ ಕರೆ ಮಾಡಿ.

ದುರಸ್ತಿ ಮುಗಿದ ಮೇಲೆ ಅವರು ಹೊರಡುವ ಮುನ್ನ ಎರಡು ಕೆಲಸ ಮಾಡಿಸಿಕೊಳ್ಳಿ. ನಿಮ್ಮ ಸಂಪರ್ಕದ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಬರೆಸಿಕೊಂಡು ಆ ಪುಟದ ಒಂದು ಫೋಟೋ ತೆಗೆದಿಡಿ. ಆಮೇಲೆ ಆರ್‌ಎಕ್ಸ್ ಪವರ್ ತೆರೆದು ಅವರ ಎದುರೇ ನೋಡಿ. ಮೊದಲು −21 ಇದ್ದದ್ದು ಈಗ −22 ಆಗಿದ್ದರೆ ಚಿಂತೆಯಿಲ್ಲ. −26ರಲ್ಲಿ ನೆಟ್ ಬಂದಿದೆಯೆಂದು ಅವರು ಏಣಿ ಮಡಚುತ್ತಿದ್ದರೆ, ಒಂದು ಲೋಟ ಕಾಫಿ ಕೊಟ್ಟು ಕೂರಿಸಿ, ಜಾಯಿಂಟನ್ನು ಇನ್ನೊಮ್ಮೆ ಹಾಕಿಸಿ.